ಗೂಡು ಕಾಯುವುದಿಲ್ಲ

ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಮುದುಡಿಕೊಂಡಿರುವ ಹುಳು ಗೂಡಿನ ಮೈಗೆ ತಾಗುವ ಸಣ್ಣ ಸದ್ದು ಕೇಳಿಸುತ್ತದೆ. ಸದ್ದು ಬಂದರೆ ಗೂಡು ಗಟ್ಟಿ ಎಂದು ಲೆಕ್ಕ. ಬಾರದಿದ್ದರೆ ಹುಳು ಒಳಗೇ ಕರಗಿ ಅಂಟಿಕೊಂಡಿದೆ ಎಂದು ಲೆಕ್ಕ. ಮಾರುಕಟ್ಟೆಗೆ ಹೊರಡುವ ಮುಂಚೆ ನಮ್ಮಪ್ಪ ಚೀಲಕ್ಕೆ ಕೈ ಹಾಕಿ ಎರಡು ಮೂರು ಗೂಡು ತೆಗೆದು ಹೀಗೆ ಪರೀಕ್ಷೆ ಮಾಡದೆ ಇರುತ್ತಿರಲಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸುತ್ತೇವೆ. ಹತ್ತು ಹನ್ನೆರಡು ದಿನ ಆಗುವ ಹೊತ್ತಿಗೆ ಒಳಗಿರುವುದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ತೆಗೆಯಲಾಗುವುದಿಲ್ಲ, ಅದಕ್ಕೆ ಬೆಲೆಯೂ ಇಲ್ಲ. ಗೂಡು ಬಿಡಿಸಿದ ಮೇಲೆ ರೈತನ ಕೈಯಲ್ಲಿ ಉಳಿಯುವುದು ನಾಲ್ಕೈದು ದಿನ, ಅದರಲ್ಲೂ ತೂಕ ಇಳಿಯುತ್ತಾ ಹೋಗುವ ದಿನಗಳು.

2011ರ ಮಾರ್ಚ್ ತಿಂಗಳಲ್ಲಿ ಅಪ್ಪನ ಜೊತೆ ನಾನೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ನಮ್ಮೂರು ಚಿಂತಾಮಣಿಯ ಕಡೆಯದು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಮಾತಿನಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ, ಹಗಲು ರಾತ್ರಿ ಸೊಪ್ಪು ಹಾಕಿ ಮನೆಮಂದಿಯೆಲ್ಲ ಸೋತುಹೋಗಿದ್ದ ಬೆಳೆ ಅದು. ಜಾಲರಿಗೆ ಗೂಡು ಸುರಿದು ಕಾದು ನಿಂತೆವು. ವರ್ಷಗಟ್ಟಲೆಯಿಂದ ಅಪ್ಪನ ಗೂಡು ಕೊಂಡು ನೂಲು ಬಿಚ್ಚುತ್ತಿದ್ದ ರೀಲರ್ ಒಬ್ಬರು ಬಂದು, ಒಂದು ಹಿಡಿ ಗೂಡು ಎತ್ತಿ ನೋಡಿ, ಹಿಂದಿನ ಬೆಳೆಗೆ ಸಿಕ್ಕಿದ್ದ ದರದ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೂಗಿದರು. ಅಪ್ಪ ಏನೂ ಮಾತಾಡದೆ ಅವರ ಮುಖ ನೋಡಿದರು. "ಏನು ಮಾಡೋದು ಯಜಮಾನ್ರೇ, ಚೀನಾ ರೇಷ್ಮೆ ಬರ್ತಾ ಇದೆ, ನನ್ನ ನೂಲೇ ಮನೆಯಲ್ಲಿ ಕೂತಿದೆ" ಎಂದರು ಆ ರೀಲರ್. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಿಂದಿನ ತಿಂಗಳು, ಫೆಬ್ರವರಿ 28ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡ 30ರಿಂದ ಒಂದೇ ಏಟಿಗೆ ಶೇಕಡ 5ಕ್ಕೆ ಇಳಿಸಲಾಗಿತ್ತು.

ನಾನು ಕೋಲಾರದಲ್ಲಿ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವವನು. ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯಲ್ಲಿ ಅಧಿಕಾರ ಎಂಬ ಅಧ್ಯಾಯ ಬಂದಾಗ, ಒಬ್ಬನು ತಾನಾಗಿ ಮಾಡದ ಕೆಲಸವನ್ನು ಅವನಿಂದ ಮಾಡಿಸಬಲ್ಲ ಸಾಮರ್ಥ್ಯವೇ ಅಧಿಕಾರ ಎಂಬ ವ್ಯಾಖ್ಯೆಯನ್ನು ಬರೆಸುತ್ತೇನೆ. ಸೈನ್ಯ, ಸಂಪತ್ತು, ಜನಸಂಖ್ಯೆ, ಭೂಗೋಳ ಎಂದು ಅದರ ಮೂಲಗಳ ಪಟ್ಟಿಯನ್ನೂ ಬರೆಸುತ್ತೇನೆ; ಪರೀಕ್ಷೆಗೆ ಅಷ್ಟು ಸಾಕು. ಆದರೆ ನನ್ನ ಮಟ್ಟಿಗೆ ಅಧಿಕಾರದ ಅರ್ಥ ತಿಳಿದದ್ದು ಆ ದಿನ ಆ ಜಾಲರಿಯ ಮುಂದೆ. ಬೇಡ ಎಂದು ಹೇಳಿ ಗೂಡನ್ನು ವಾಪಸ್ ತರುವ ಹಕ್ಕು ಅಪ್ಪನಿಗೆ ಇತ್ತು, ಮಾರುಕಟ್ಟೆಯ ನಿಯಮವೇ ಅದನ್ನು ಕೊಟ್ಟಿತ್ತು. ಆದರೆ ಗೂಡಿನೊಳಗಿನ ಹುಳು ಆ ನಿಯಮವನ್ನು ಒಪ್ಪುವುದಿಲ್ಲ. ರೀಲರ್‌ಗಾದರೋ ಬಿಸಿಗಾಳಿಯ ಡ್ರೈಯರ್ ಇದೆ, ಹುಳುವನ್ನು ಕೊಂದು ಗೂಡನ್ನು ಒಣಗಿಸಿಟ್ಟರೆ ತಿಂಗಳುಗಟ್ಟಲೆ ಇಡಬಹುದು. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು, ಇಬ್ಬರೂ ಒಳ್ಳೆಯವರೇ. ಆದರೆ ಒಬ್ಬರು ಕಾಯಬಲ್ಲರು, ಇನ್ನೊಬ್ಬರು ಕಾಯಲಾರರು. ದರ ನಿಗದಿಯಾಗುವುದು ಅಲ್ಲಿ.

ಆ ಸುಂಕ ಇಳಿಸಿದ್ದಕ್ಕೂ ಕಾರಣ ಇತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ದೇಶದೊಳಗೆ ರೇಷ್ಮೆ ನೂಲಿನ ಬೆಲೆ ವಿಪರೀತ ಏರಿ ನೇಕಾರರ ಮಗ್ಗಗಳು ನಿಲ್ಲುತ್ತಿದ್ದವು, ವಿದ್ಯುತ್ ಮಗ್ಗದಲ್ಲಿ ಹಾಸು ಹೂಡಲು, ಅಂದರೆ ಉದ್ದಕ್ಕೆ ಎಳೆದು ಕಟ್ಟಲು, ಬೇಕಾಗುವ ಸಮನಾದ ಗಟ್ಟಿ ಎಳೆ ನಮ್ಮ ಮಿಶ್ರತಳಿ ಗೂಡಿನಿಂದ ಸುಲಭವಾಗಿ ಬರುತ್ತಿರಲಿಲ್ಲ. ಚಿಂತಾಮಣಿಯ ರೈತನ ನಷ್ಟ ಬನಾರಸಿನ ನೇಕಾರನ ಲಾಭವಾಗಿತ್ತು. 2013ರ ಬಜೆಟ್‌ನಲ್ಲಿ ಸುಂಕವನ್ನು ಮತ್ತೆ ಶೇಕಡ 15ಕ್ಕೆ ಏರಿಸಲಾಯಿತು. ಆ ಎರಡು ವರ್ಷಗಳಲ್ಲಿ ನಮ್ಮೂರಿನ ಎಷ್ಟೋ ಜನ ಹಿಪ್ಪುನೇರಳೆ ಗಿಡ ಕಿತ್ತು ಟೊಮೆಟೊ ಹಾಕಿದ್ದರು. ಕಿತ್ತ ಗಿಡ ಸುಂಕ ಏರಿದ ಮಾತ್ರಕ್ಕೆ ಚಿಗುರುವುದಿಲ್ಲ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನಮ್ಮಲ್ಲಿ ದ್ವಿತಳಿ ಎಂಬ ಉತ್ತಮ ಜಾತಿಯ ಹುಳುವಿನ ರೇಷ್ಮೆಯನ್ನು ತೆಗೆದು ಚೀನಾದ ನೂಲಿಗೆ ಎದುರು ನಿಲ್ಲಬೇಕೆಂದು ಸರ್ಕಾರ ಸಹಾಯಧನ ಕೊಟ್ಟು ಹಾಕಿಸಿದ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳು ಮೊದಲು ಬಂದದ್ದು ಚೀನಾದಿಂದಲೇ.

ಜಾಗತೀಕರಣ ಎಂಬ ಮಾತು ನಮ್ಮ ಮನೆಗೆ ಬಂದದ್ದು ಬೇರೆ ಹೆಸರಿನಲ್ಲಿ, ಡಂಕೆಲ್ ಎಂಬ ಹೆಸರಿನಲ್ಲಿ. ಆಗ ನನಗೆ ಹತ್ತು ಹನ್ನೊಂದು ವರ್ಷ, ಚಿಕ್ಕಬಳ್ಳಾಪುರ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಎಲ್ಲವೂ ಕೋಲಾರವೇ. ಆರ್ಥರ್ ಡಂಕೆಲ್ ಸ್ವಿಟ್ಜರ್ಲೆಂಡಿನವರು, ದೇಶಗಳ ನಡುವಿನ ಸುಂಕ ಮತ್ತು ವ್ಯಾಪಾರದ ಒಪ್ಪಂದವಾದ ಗ್ಯಾಟ್‌ನ ಮಹಾನಿರ್ದೇಶಕರಾಗಿದ್ದವರು. 1991ರ ಡಿಸೆಂಬರ್‌ನಲ್ಲಿ ಅವರು ಮುಂದಿಟ್ಟ ಕರಡು ವಿಶ್ವ ವಾಣಿಜ್ಯ ಸಂಸ್ಥೆಗೆ ಬುನಾದಿಯಾಯಿತು. ಇವೆಲ್ಲ ನನಗೆ ತಿಳಿದದ್ದು ಎಂ.ಎ. ಓದುವಾಗ. ಮನೆಯಲ್ಲಿ ಮಾತ್ರ ಡಂಕೆಲ್ ಎಂದರೆ ಬಡ್ಡಿಗೆ ಸಾಲ ಕೊಟ್ಟು ಹೊಲ ಬರೆಸಿಕೊಳ್ಳಲು ಬರುತ್ತಿರುವ ಯಾರೋ ಒಬ್ಬ ಎನ್ನುವ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆ ಎಸೆದು ಸುಟ್ಟ ಸುದ್ದಿಯನ್ನು ಚಿಕ್ಕಪ್ಪ ಹಬ್ಬದ ಸುದ್ದಿಯ ಹಾಗೆ ಓದಿ ಹೇಳಿದ್ದರು. ಮರುವರ್ಷದ ಗಾಂಧಿ ಜಯಂತಿಗೆ ಬೆಂಗಳೂರಿನಲ್ಲಿ ನಡೆದ ದೊಡ್ಡ ರ‍್ಯಾಲಿಗೆ ಅಪ್ಪ ಹಸಿರು ಟವೆಲ್ ಹೊದ್ದು ಲಾರಿಯಲ್ಲಿ ನಿಂತುಕೊಂಡೇ ಹೋಗಿ ಬಂದರು.

ಅವರ ಭಯದಲ್ಲಿ ಅರ್ಧ ನಿಜವಾಯಿತು, ಇನ್ನರ್ಧ ಯಾರೂ ಊಹಿಸದ ದಾರಿಯಲ್ಲಿ ನಿಜವಾಯಿತು. ಬೀಜದ ಮೇಲಿನ ಹಕ್ಕು ಹೋಗುತ್ತದೆ ಎಂಬುದು ಮುಖ್ಯ ಆತಂಕವಾಗಿತ್ತು. 2001ರಲ್ಲಿ ಸಂಸತ್ತು ಒಪ್ಪಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ರೈತನಿಗೆ ಸ್ಪಷ್ಟವಾಗಿಯೇ ಕೊಟ್ಟಿತು. ಹಕ್ಕು ಉಳಿಯಿತು, ಅಭ್ಯಾಸ ಹೋಯಿತು. ಇವತ್ತು ಕೋಲಾರ ಸೀಮೆಯಲ್ಲಿ ಟೊಮೆಟೊ ಹಾಕುವವರು ಹೈಬ್ರಿಡ್ ಸಸಿಯನ್ನು ನರ್ಸರಿಯಿಂದ ತರುತ್ತಾರೆ. ಹಣ್ಣಿನಿಂದ ಬೀಜ ತೆಗೆದು ಬೂದಿಯಲ್ಲಿ ಒಣಗಿಸಿಡುತ್ತಿದ್ದ ನಮ್ಮಜ್ಜಿಯ ಕೆಲಸ ಅಜ್ಜಿಯ ಜೊತೆಗೇ ಹೋಯಿತು. ಬೇಡವೆಂದು ಯಾರೂ ಬಲವಂತ ಮಾಡಲಿಲ್ಲ.

ಡಂಕೆಲ್ ಬಗ್ಗೆ ಅಪ್ಪನಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ. 1995ರ ಜನವರಿ 1ರಂದು ಹುಟ್ಟಿದ ವಿಶ್ವ ವಾಣಿಜ್ಯ ಸಂಸ್ಥೆ ಬಲಿಷ್ಠರ ಅನುಕೂಲಕ್ಕೆ ಕಟ್ಟಿದ ಮನೆ ಎಂಬ ಅವರ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಆ ಮನೆಯಲ್ಲಿ ಒಂದು ಕಟಕಟೆ ಇತ್ತು. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುತ್ತಿದ್ದ ಸಬ್ಸಿಡಿಯ ವಿರುದ್ಧ ಬ್ರೆಜಿಲ್ ಅಲ್ಲಿ ದೂರು ಕೊಟ್ಟು ಗೆದ್ದಿತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಅಮೆರಿಕ ಆ ವ್ಯಾಜ್ಯವನ್ನು ಮುಗಿಸಿಕೊಂಡಿತು. ಹೊಸ ನ್ಯಾಯಾಧೀಶರ ನೇಮಕಕ್ಕೆ ಅಮೆರಿಕ ಒಪ್ಪದೆ ಹೋದದ್ದರಿಂದ 2019ರ ಡಿಸೆಂಬರ್‌ನಿಂದ ಅದರ ಮೇಲ್ಮನವಿ ಮಂಡಳಿ ಕೆಲಸ ನಿಲ್ಲಿಸಿದೆ. ಕೆಳಗಿನ ತೀರ್ಪು ಒಪ್ಪಿಗೆಯಾಗದವರು ಖಾಲಿ ಕುರ್ಚಿಗಳಿಗೆ ಮೇಲ್ಮನವಿ ಹಾಕಿ ಕೈತೊಳೆದುಕೊಳ್ಳಬಹುದು. ಕೆಟ್ಟ ನಿಯಮ ಇರುವ ಸಂತೆ ಒಂದು ಕಡೆ, ನಿಯಮವೇ ಇಲ್ಲದ ಸಂತೆ ಇನ್ನೊಂದು ಕಡೆ ಇದ್ದರೆ ನಾನು ಮೊದಲನೆಯದಕ್ಕೇ ಗೂಡು ಒಯ್ಯುತ್ತೇನೆ. ಅಪ್ಪ ಇದನ್ನು ಮೇಷ್ಟ್ರ ಮಾತು ಎನ್ನುತ್ತಾರೆ.

ಕಾಯುವ ಶಕ್ತಿಯ ಬಗ್ಗೆ ಯೋಚಿಸುವಾಗ ನಮ್ಮ ಜಿಲ್ಲೆಯವರಿಗೆ ಚಿನ್ನ ನೆನಪಾಗದೆ ಇರದು. ಮನೆಯಲ್ಲಿ ಬೆಳೆ ಹೋದ ವರ್ಷ ಅಮ್ಮನ ಒಡವೆ ಗಿರವಿ ಅಂಗಡಿಗೆ ಹೋಗುತ್ತಿತ್ತು, ಒಳ್ಳೆಯ ಬೆಳೆ ಬಂದ ವರ್ಷ ವಾಪಸ್ ಬರುತ್ತಿತ್ತು. ಆ ಎರಡೆಳೆ ಸರ ಅಮ್ಮನ ಕೊರಳಿನಲ್ಲಿ ಇದ್ದದ್ದಕ್ಕಿಂತ ಅಂಗಡಿಯವನ ಕಬ್ಬಿಣದ ಪೆಟ್ಟಿಗೆಯಲ್ಲಿ ಇದ್ದದ್ದೇ ಹೆಚ್ಚು ಎಂದು ಅಕ್ಕ ಈಗಲೂ ನಗುತ್ತಾಳೆ. ಚಿನ್ನವನ್ನು ಕೊಟ್ಟು ನಾವು ತರುತ್ತಿದ್ದದ್ದು ಆರು ತಿಂಗಳ ಕಾಲಾವಕಾಶ. 1991ರಲ್ಲಿ ಭಾರತ ಸರ್ಕಾರ ಮಾಡಿದ್ದೂ ಇದನ್ನೇ. ಕೊಲ್ಲಿ ಯುದ್ಧದಿಂದ ತೈಲ ಬೆಲೆ ಏರಿ, ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗೆ ಮಾತ್ರ ಸಾಲುವಷ್ಟಕ್ಕೆ ಇಳಿದಾಗ, ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿ, ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳ ಹೆಸರಿನಲ್ಲಿ ಅಡವಿಟ್ಟಿತು. ಆ ಅವಕಾಶದಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಬಂತು, ಸಾಲದ ಜೊತೆ ಷರತ್ತುಗಳೂ ಬಂದವು. ಆ ನಿಧಿಯಲ್ಲಿ ದೊಡ್ಡ ನಿರ್ಣಯಗಳಿಗೆ ಶೇಕಡ 85ರಷ್ಟು ಮತ ಬೇಕು, ಅಮೆರಿಕ ಒಂದರ ಬಳಿಯೇ ಶೇಕಡ 16ಕ್ಕಿಂತ ಹೆಚ್ಚು ಮತವಿದೆ. ಗಿರವಿ ಅಂಗಡಿಯ ಬಡ್ಡಿ ದರವನ್ನು ಗಿರಾಕಿ ತೀರ್ಮಾನಿಸುವುದಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿ ಕೆ.ಜಿ.ಎಫ್.ನ ಕಥೆ ಇದಕ್ಕಿಂತ ಹಳೆಯದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿ ಕೆಲಸ ಕೈಗೆತ್ತಿಕೊಂಡಿತು. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರ ಹರಿದು ಮೊದಲು ಬಂದದ್ದು ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷಗಳ ನಂತರ. ಲಂಡನ್ನಿಗೆ ಆಗ ಚಿನ್ನ ಬೇಕಾಗಿತ್ತು, ಏಕೆಂದರೆ ಪೌಂಡ್ ಚಿನ್ನದ ಮೇಲೆ ನಿಂತಿತ್ತು, ಪ್ರಪಂಚದ ವ್ಯಾಪಾರ ಪೌಂಡಿನ ಮೇಲೆ ನಿಂತಿತ್ತು. 1944ರ ಬ್ರೆಟನ್ ವುಡ್ಸ್ ಒಪ್ಪಂದದ ನಂತರ ಆ ಜಾಗಕ್ಕೆ ಡಾಲರ್ ಬಂತು, ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂದು ಬೆಲೆ ಕಟ್ಟಲಾಯಿತು. 1971ರ ಆಗಸ್ಟ್ 15ರಂದು, ನಾವು ಧ್ವಜ ಹಾರಿಸುತ್ತಿದ್ದ ದಿನ, ಡಾಲರ್‌ಗೆ ಬದಲಾಗಿ ಚಿನ್ನ ಕೊಡುವುದಿಲ್ಲ ಎಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಘೋಷಿಸಿದರು. ಈ ಯಾವ ನಿರ್ಧಾರವನ್ನು ತೆಗೆದುಕೊಳ್ಳುವಾಗಲೂ ಮೂರು ಕಿಲೋಮೀಟರ್ ಆಳದಲ್ಲಿ, ಬಂಡೆಯೇ ಬೇಯುವ ಶಾಖದಲ್ಲಿ ಬೆವರುತ್ತಿದ್ದವರನ್ನು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಗಿತ್ತು, ಆಳ ಹೆಚ್ಚಾಗಿತ್ತು, ನಷ್ಟ ಬೆಳೆದಿತ್ತು. ಮುಚ್ಚಲು ಇವೇ ಮುಖ್ಯ ಕಾರಣಗಳು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆಗ ಚಿನ್ನದ ಬೆಲೆ ಔನ್ಸಿಗೆ 270 ಡಾಲರ್ ಆಸುಪಾಸಿನಲ್ಲಿತ್ತು ಎಂಬುದನ್ನೂ ನೆನೆಯಬೇಕು. ಬ್ರಿಟನ್ 1999ರಲ್ಲಿ ತನ್ನ ಸರ್ಕಾರಿ ಚಿನ್ನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹರಾಜು ಹಾಕುವುದಾಗಿ ಸಾರಿದಾಗ ಬೆಲೆ ಇನ್ನಷ್ಟು ಕುಸಿದಿತ್ತು; ಚಿನ್ನದ ಕಾಲ ಮುಗಿಯಿತು ಎಂದು ತಿಳಿದವರು ಹೇಳುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಅದೇ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿತು. ಗಣಿಗೆ ಇಪ್ಪತ್ತೈದು ವರ್ಷ ಕಾಯುವ ಜೀವ ಇರಲಿಲ್ಲ. ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಯ ಮನೆಗಳಿಂದ ಬೆಳಗಿನ ಜಾವ ಬೆಂಗಳೂರಿಗೆ ರೈಲು ಹಿಡಿಯುವವರ ಸಾಲು ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಗಾಳಿ ಬೀಸುವ ತಿಂಗಳುಗಳಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಯಾದ ಸೈನೈಡ್ ದಿಬ್ಬದ ಬಿಳಿ ದೂಳು ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಆ ದೂಳಿನಲ್ಲಿ ಉಳಿದಿರುವ ಚಿನ್ನದ ಬಗ್ಗೆ ಈಗ ಮತ್ತೆ ಸರ್ಕಾರಗಳ ನಡುವೆ ಕಡತ ಓಡಾಡುತ್ತಿದೆ.

ಬೆಲೆ ಅಷ್ಟು ಏರಲು ಕಾರಣ ಆಭರಣದ ಆಸೆಯಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ, ರಷ್ಯಾದ ಕೇಂದ್ರ ಬ್ಯಾಂಕ್ ಪಶ್ಚಿಮದ ದೇಶಗಳಲ್ಲಿ ಇಟ್ಟಿದ್ದ ಸುಮಾರು 300 ಶತಕೋಟಿ ಡಾಲರ್ ಮೌಲ್ಯದ ಆಸ್ತಿಯನ್ನು ಅದು ಬಳಸದಂತೆ ಆ ದೇಶಗಳು ತಡೆಹಿಡಿದವು, ರಷ್ಯಾದ ಹಲವು ಬ್ಯಾಂಕುಗಳನ್ನು ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಎಂಬ ಸಂದೇಶ ಜಾಲದಿಂದ ಹೊರಗಿಟ್ಟವು. ದಾಳಿ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಆ ದಿನ ಪ್ರಪಂಚದ ಉಳಿದ ಕೇಂದ್ರ ಬ್ಯಾಂಕುಗಳು ಕಲಿತ ಪಾಠ ಬೇರೆ: ಇನ್ನೊಬ್ಬರ ಮನೆಯಲ್ಲಿಟ್ಟ ದುಡ್ಡು ಅವರು ನಗುತ್ತಿರುವವರೆಗೆ ಮಾತ್ರ ನಮ್ಮದು. 2022ರಿಂದ 2024ರವರೆಗೆ ಪ್ರತಿ ವರ್ಷವೂ ಅವು ಒಟ್ಟಾಗಿ ಸಾವಿರ ಟನ್‌ಗಿಂತ ಹೆಚ್ಚು ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ ಲಂಡನ್ನಿನಲ್ಲಿದ್ದ ಚಿನ್ನದಲ್ಲಿ 100 ಟನ್ನನ್ನು 2023-24ರ ಸಾಲಿನಲ್ಲಿ ದೇಶಕ್ಕೆ ತಂದಿತು. ಗಿರವಿ ಬಿಡಿಸಿಕೊಂಡ ಸರವನ್ನು ಅಮ್ಮ ಒಮ್ಮೆ ಕಣ್ಣಿಗೆ ಒತ್ತಿಕೊಂಡು ಅಕ್ಕಿ ಡಬ್ಬಿಯೊಳಗೆ ಬಚ್ಚಿಡುತ್ತಿದ್ದದ್ದು ಆ ಸುದ್ದಿ ಓದುವಾಗ ನೆನಪಾಯಿತು.

ಅಕ್ಕನನ್ನು ಕೊಟ್ಟಿರುವುದು ವೇಮಗಲ್ ಹತ್ತಿರದ ಹಳ್ಳಿಗೆ. ಅವಳ ಮಗಳು ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೋಗುತ್ತಾಳೆ. ಮೊದಲ ಶಿಫ್ಟ್ ಇದ್ದ ದಿನ ನಾಲ್ಕೂವರೆಗೇ ಬಸ್ ಬರುತ್ತದೆ. ಒಮ್ಮೆ ಅವರ ಮನೆಯಲ್ಲಿ ಉಳಿದಿದ್ದಾಗ ಅವಳನ್ನು ರಸ್ತೆಯವರೆಗೆ ಬಿಡಲು ಹೋಗಿದ್ದೆ. ಬಸ್ಸಿನೊಳಗೆ ದೀಪ ಆರಿಸಿತ್ತು. ಇಪ್ಪತ್ತು ಮೂವತ್ತು ಹುಡುಗಿಯರು ಕಿಟಕಿಗೆ ತಲೆ ಕೊಟ್ಟು ಮಲಗಿದ್ದರು, ಪ್ರತಿಯೊಬ್ಬರ ಮಡಿಲಲ್ಲೂ ಟಿಫಿನ್ ಡಬ್ಬಿ. ಕೆಲಸ ಏನು ಎಂದರೆ, "ಸಣ್ಣ ಸ್ಕ್ರೂ ಮಾವ, ಸಾಸಿವೆಗಿಂತ ಸಣ್ಣದು, ಇಡೀ ದಿನ ಅದೇ" ಎಂದಳು. ಒಳಗೆ ಹೋಗುವಾಗ ಅವರ ಸ್ವಂತ ಫೋನನ್ನು ಬಾಗಿಲಲ್ಲೇ ಇಟ್ಟು ಹೋಗಬೇಕು.

ಅಮೆರಿಕದಲ್ಲಿ ವಿನ್ಯಾಸವಾಗಿ, ತೈವಾನಿನ ಚಿಪ್ಪು ತುಂಬಿಕೊಂಡು, ಬಿಡಿಭಾಗಗಳಲ್ಲಿ ಬಹುಪಾಲನ್ನು ಚೀನಾದಿಂದ ಪಡೆದು, ನರಸಾಪುರದಲ್ಲಿ ಜೋಡಣೆಯಾಗುವ ಐಫೋನ್ ಮತ್ತೆ ಅಮೆರಿಕಕ್ಕೇ ಹೋಗುತ್ತದೆ. 2025ರ ಏಪ್ರಿಲ್ 2ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ರಪಂಚದ ಬಹುತೇಕ ದೇಶಗಳ ಮೇಲೆ ಸುಂಕ ಸಾರಿದರು. ಕೆಲವೇ ದಿನಗಳಲ್ಲಿ ಚೀನಾದ ಮೇಲಿನ ಸುಂಕ ಶೇಕಡ 145ಕ್ಕೆ ಏರಿತು, ಸ್ಮಾರ್ಟ್‌ಫೋನುಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆ ಗಡಿಬಿಡಿಯಲ್ಲಿ ಚೆನ್ನೈ ವಿಮಾನ ನಿಲ್ದಾಣದಿಂದ ವಿಶೇಷ ಸರಕು ವಿಮಾನಗಳಲ್ಲಿ ನೂರಾರು ಟನ್ ಐಫೋನುಗಳನ್ನು ಅಮೆರಿಕಕ್ಕೆ ಸಾಗಿಸಲಾಯಿತು ಎಂದು ರಾಯಿಟರ್ಸ್ ವರದಿ ಮಾಡಿತು. ಪ್ರಪಂಚದ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದಕ್ಕೂ ಗೂಡಿನೊಳಗಿನ ಹುಳುವಿನ ಭಯ ಬರುವ ವಾರಗಳು ಇರುತ್ತವೆ. ಮೇ ತಿಂಗಳಲ್ಲಿ ದೋಹಾದಲ್ಲಿ ಮಾತಾಡುತ್ತಾ, ಭಾರತದಲ್ಲಿ ಕಾರ್ಖಾನೆ ಕಟ್ಟುವುದು ತಮಗೆ ಇಷ್ಟವಿಲ್ಲ ಎಂದು ಆಪಲ್ ಮುಖ್ಯಸ್ಥ ಟಿಮ್ ಕುಕ್ ಅವರಿಗೆ ಹೇಳಿದ್ದಾಗಿ ಟ್ರಂಪ್ ತಿಳಿಸಿದರು. ಅಕ್ಕ ಆ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿ ರಾತ್ರಿಯೇ ನನಗೆ ಫೋನ್ ಮಾಡಿದಳು. ಮದುವೆಗೆಂದು ಚೀಟಿ ಹಾಕಿದ್ದಾಳೆ, ಮಗಳ ಸಂಬಳದಿಂದಲೇ ಕಟ್ಟುವುದು. ದೋಹಾ ಎಲ್ಲಿದೆ ಎಂದು ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಆ ವರ್ಷದ ಸುಂಕದ ಜಗಳದಲ್ಲಿ ಅಮೆರಿಕದ ಎದುರು ಸಮಸಮನಾಗಿ ನಿಂತದ್ದು ಚೀನಾ ಒಂದೇ. ಏಪ್ರಿಲ್‌ನಲ್ಲಿ ಅದು ಕೆಲವು ವಿರಳ ಭೂಲೋಹಗಳ ಮತ್ತು ಅವುಗಳಿಂದ ಮಾಡುವ ಆಯಸ್ಕಾಂತಗಳ ರಫ್ತಿಗೆ ಪರವಾನಗಿಯ ಬೀಗ ಹಾಕಿತು. ಹೆಸರು ವಿರಳ ಎಂದಿದ್ದರೂ ಈ ಲೋಹಗಳು ಭೂಮಿಯಲ್ಲಿ ಅಷ್ಟೇನೂ ವಿರಳವಲ್ಲ; ಅವನ್ನು ಶುದ್ಧೀಕರಿಸುವ ಗಲೀಜಿನ ಕೆಲಸವನ್ನು ಉಳಿದವರು ಮೂವತ್ತು ವರ್ಷಗಳ ಕಾಲ ಚೀನಾಕ್ಕೆ ಬಿಟ್ಟುಕೊಟ್ಟು, ಈಗ ಶುದ್ಧೀಕರಣದ ಸುಮಾರು ಶೇಕಡ 90 ಭಾಗ ಅಲ್ಲೇ ನಡೆಯುತ್ತಿದೆ. ಇವತ್ತಿನ ಎಷ್ಟೋ ಮೋಟಾರು, ಕ್ಷಿಪಣಿ, ಗಾಳಿಯಂತ್ರಗಳು ಈ ಆಯಸ್ಕಾಂತಗಳಿಲ್ಲದೆ ಕೆಲಸ ಮಾಡುವುದಿಲ್ಲ. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾಗಿ, ಒಬ್ಬರು ಸುಂಕ ಇಳಿಸಿ, ಇನ್ನೊಬ್ಬರು ಹೊಸ ನಿರ್ಬಂಧಗಳನ್ನು ಒಂದು ವರ್ಷಕ್ಕೆ ಮುಂದೂಡಿದರು. ಡ್ರೈಯರ್ ಇದ್ದ ರೀಲರ್‌ಗಳಿಬ್ಬರ ವ್ಯಾಪಾರ ಹಾಗೆಯೇ ಮುಗಿಯುವುದು.

ಚೀನಾ ಬೀಗ ಹಾಕಿದ್ದು ಅಮೆರಿಕಕ್ಕೆ ಮಾತ್ರವಲ್ಲ. ಡ್ರಿಪ್‌ನಲ್ಲಿ ಟೊಮೆಟೊಗೆ ಬಿಡುವ ನೀರಿನಲ್ಲಿ ಕರಗುವ ಗೊಬ್ಬರ, ನಮ್ಮ ಕಡೆ ನೈಂಟೀನ್ ಆಲ್ ಎಂದು ಕರೆಯುವ ಆ ಬಿಳಿ ಪುಡಿಯ ಚೀಲ, ಅದರ ಬಹುಪಾಲು ಬರುತ್ತಿದ್ದದ್ದು ಚೀನಾದಿಂದ. 2025ರ ಮಧ್ಯಭಾಗದಲ್ಲಿ ಆ ಸಾಗಣೆ ನಿಂತಾಗ ಅಂಗಡಿಯವರು ದರ ಹೇಳುವ ಮುಂಚೆ ಒಮ್ಮೆ ಕೆಮ್ಮುವುದನ್ನು ಕಲಿತರು. ಟೊಮೆಟೊ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಬರಹವೇ ಆಗುತ್ತದೆ. 2023ರ ಜುಲೈನಲ್ಲಿ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ದೇಶವೇ ಎದ್ದು ಕುಳಿತು ನೇಪಾಳದಿಂದ ಟೊಮೆಟೊ ತರಿಸಲಾಯಿತು. ಅದೇ ಬಾಕ್ಸ್‌ಗೆ ಕೀಳುವ ಕೂಲಿಯೂ ಹುಟ್ಟದೆ ರಸ್ತೆಯ ಬದಿಗೆ ಸುರಿಯುವ ತಿಂಗಳುಗಳಲ್ಲಿ ಯಾವ ದೇಶಕ್ಕೂ ಅದು ಸುದ್ದಿಯಾಗುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಭಾರತ ಈಗ ಕಾಯಬಲ್ಲದೇ? ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಾರೆ, ನಾವು ವಿಶ್ವಗುರು ಆದೆವೇ ಸರ್ ಎಂದು. 1991ರ ಸ್ಥಿತಿಗೆ ಹೋಲಿಸಿದರೆ ಅಂತರ ಅಜಗಜದ್ದು. ವಿದೇಶಿ ವಿನಿಮಯ ಮೀಸಲು 600 ಶತಕೋಟಿ ಡಾಲರ್ ಮೀರಿದೆ. ಉಕ್ರೇನ್ ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದ ಆಮದಿನಲ್ಲಿ ಶೇಕಡ 2ರಷ್ಟೂ ಇರದಿದ್ದ ರಷ್ಯಾದ ಪಾಲು ನಂತರ ಮೂರನೆಯ ಒಂದು ಭಾಗವನ್ನೂ ಮೀರಿತು; ಬೇಡವೆಂದು ಪಶ್ಚಿಮದವರು ಹೇಳಿದಾಗ ನಮ್ಮ ಸರ್ಕಾರ ತನ್ನ ಜನರಿಗೆ ಅಗ್ಗವಾದದ್ದನ್ನು ಕೊಂಡಿತು. ಅದರ ನೆಪದಲ್ಲೇ 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಒಟ್ಟು ಶೇಕಡ 50ಕ್ಕೆ ಏರಿತು, ಆಗಲೂ ದೆಹಲಿ ಅವಸರ ಮಾಡಲಿಲ್ಲ. ಇದೆಲ್ಲ ಸರಿಯೇ. ಆದರೆ ತುರ್ತು ಕಾಲಕ್ಕೆಂದು ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ನೆಲದಡಿಯ ಗುಹೆಗಳಲ್ಲಿ ದೇಶ ಕೂಡಿಡಬಲ್ಲ ಕಚ್ಚಾ ತೈಲ 53.3 ಲಕ್ಷ ಟನ್. ಪೂರ್ತಿ ತುಂಬಿದ್ದರೂ ಅದು ಒಂಬತ್ತೂವರೆ ದಿನದ ಬಳಕೆಗೆ ಸಾಕಾಗುವಷ್ಟು. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆಯಾದರೂ, ಒಂಬತ್ತೂವರೆ ದಿನ ಎಂಬುದನ್ನು ಓದಿದಾಗ ನನಗೆ ಚಂದ್ರಂಕಿಯ ಲೆಕ್ಕವೇ ನೆನಪಾಯಿತು.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಲು ನನಗೆ ಇನ್ನೂ ಸರಿಯಾದ ಮಾತು ಸಿಕ್ಕಿಲ್ಲ. ದೇಶ ಕಾಯುತ್ತದೆ ಎಂದರೆ ದೇಶದೊಳಗೆ ಯಾರೋ ಕೆಲವರು ಕಾಯುತ್ತಾರೆ ಎಂದೇ ಅರ್ಥ. ಶೇಕಡ 50ರ ಸುಂಕದ ತಿಂಗಳುಗಳಲ್ಲಿ ಭಾರತ ಬಗ್ಗಲಿಲ್ಲ ಎಂದು ನಾವು ಎದೆ ತಟ್ಟಿಕೊಂಡೆವು. ಕಾದವರು ತಿರುಪ್ಪೂರಿನ ಹೊಲಿಗೆ ಯಂತ್ರದ ಹೆಣ್ಣುಮಕ್ಕಳು, ಆಂಧ್ರದ ಕರಾವಳಿಯ ಸಿಗಡಿ ಕೃಷಿಕರು. ಸ್ಮಾರ್ಟ್‌ಫೋನಿಗೆ ವಿನಾಯಿತಿ ಇದ್ದದ್ದರಿಂದ ನಮ್ಮ ಹುಡುಗಿಯ ಬಸ್ ನಿಲ್ಲಲಿಲ್ಲ, ಅಕ್ಕನ ಚೀಟಿಯೂ ತಪ್ಪಲಿಲ್ಲ. ಅದರಲ್ಲಿ ನಮ್ಮ ಜಾಣತನವೇನೂ ಇರಲಿಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಮೊದಲು ತುಂಬಿದ್ದು ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆ. ಅದನ್ನು ಮೂರನೆಯ ಹಂತದವರೆಗೆ ಶುದ್ಧೀಕರಿಸಿ ಕೊಡಿ ಎಂದು ಇಲ್ಲಿಯವರು ಕೇಳುತ್ತಲೇ ಬಂದಿದ್ದಾರೆ, ನೀರು ಬೇಡ ಎನ್ನಲು ಮಾತ್ರ ಯಾರಿಗೂ ಧೈರ್ಯವಿಲ್ಲ, ಏಕೆಂದರೆ ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂದಿದೆ. ನಾವು ಕಾಯಿಪಲ್ಯ, ಹಾಲು, ಕೆಲಸದವರನ್ನು ಕಳಿಸುತ್ತೇವೆ, ಅವರು ಬಳಸಿದ ನೀರು ಕಳಿಸುತ್ತಾರೆ. ವಾಷಿಂಗ್ಟನ್, ಬೀಜಿಂಗ್ ಎಂದು ಬರೆಸುವ ಹೊತ್ತಿಗೆ ಕಿಟಕಿಯ ಹೊರಗೆ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲೇ ಆ ಅಧ್ಯಾಯದ ಉದಾಹರಣೆ ಇದೆ.

ಹೋದ ತಿಂಗಳು ಊರಿಗೆ ಹೋದಾಗ ಹುಳು ಹಣ್ಣಾಗಿತ್ತು. ಅಪ್ಪನಿಗೆ ಎಪ್ಪತ್ತೈದು ದಾಟಿದೆ, ಈಗ ತಮ್ಮನೇ ಸೊಪ್ಪು ಕತ್ತರಿಸುವುದು, ಆದರೂ ಹಣ್ಣು ಹುಳು ಆಯುವ ಕೆಲಸವನ್ನು ಅಪ್ಪ ಬೇರೆಯವರಿಗೆ ಬಿಡುವುದಿಲ್ಲ. ಜಗುಲಿಯ ಮೇಲೆ ಕೂತು ಒಂದೊಂದೇ ಹುಳುವನ್ನು ಬೆಳಕಿಗೆ ಹಿಡಿದು, ಮೈ ಹಳದಿ ತಿರುಗಿ ಪಾರದರ್ಶಕವಾಗಿದ್ದರೆ ಚಂದ್ರಂಕಿಯ ಸುತ್ತಿನೊಳಗೆ ಬಿಡುತ್ತಿದ್ದರು. ಈಗ ಹರಾಜು ಮೊಬೈಲಿನಲ್ಲೇ ನಡೆಯುತ್ತದೆ, ದರ ಎಲ್ಲರ ಫೋನಿನಲ್ಲೂ ಕಾಣುತ್ತದೆ. ಆ ದಿನದ ಶಿಡ್ಲಘಟ್ಟದ ದರವನ್ನು ನೋಡಿ ಹೇಳಿದೆ, ಚೆನ್ನಾಗಿಯೇ ಇತ್ತು. ಅವರು ತಲೆ ಎತ್ತಲಿಲ್ಲ. "ಇವತ್ತಿನ ದರ ನಮಗೆ ಯಾತಕ್ಕಪ್ಪಾ" ಎಂದರು. "ಇವು ಗೂಡು ಕಟ್ಟಿ ಬಿಡಿಸೋದಕ್ಕೆ ಇನ್ನೂ ಐದು ದಿನ ಐತೆ. ಆವತ್ತು ಏನು ಅಂತಾರೋ ಅದು ಹೇಳು."